ಕುಡಿತಕ್ಕೆ ಜಾತಿ ಇದೆಯೇ?

"ಕುಡಿಯೋದು ಅವರ ಜನ, ನಮ್ಮವರಲ್ಲ" ಎಂಬ ಮಾತನ್ನು ಶೀಳನೆರೆ ಬಸ್ಸಿನಲ್ಲೂ ಕೇಳುತ್ತೇವೆ, ನಮ್ಮ ಮನೆಗಳಲ್ಲೂ ಕೇಳುತ್ತೇವೆ. ಇದು ಎಷ್ಟು ನಿಜ?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು 1993ರಲ್ಲಿ 140 ಕಾಲೇಜುಗಳಲ್ಲಿ ಸಮೀಕ್ಷೆ ಮಾಡಿದರು. ಒಮ್ಮೆಲೇ ವಿಪರೀತ ಕುಡಿಯುವವರು ಬಿಳಿಯ ವಿದ್ಯಾರ್ಥಿಗಳಲ್ಲಿ ಹೆಚ್ಚು, ಕಪ್ಪು ಮತ್ತು ಏಷ್ಯಾ ಮೂಲದವರಲ್ಲಿ ಕಡಿಮೆ ಇದ್ದರು. ಚೀನಾ, ಜಪಾನ್, ಕೊರಿಯಾ ಮೂಲದ ಹಲವರಿಗೆ ಮದ್ಯವನ್ನು ಕರಗಿಸುವ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ; ಕುಡಿದರೆ ಮುಖ ಕೆಂಪಾಗುತ್ತದೆ. ಉಳಿದಂತೆ ಮನೆ, ಧರ್ಮ, ಗೆಳೆಯರ ಪ್ರಭಾವವೇ ದೊಡ್ಡದು. ಎಲ್ಲರೂ ಬೆರೆತಿರುವ ಕಾಲೇಜುಗಳಲ್ಲಿ ಬಿಳಿಯರೂ ಕಡಿಮೆ ಕುಡಿಯುತ್ತಾರೆಂದು ಅದೇ ತಂಡ ಮುಂದೆ ತೋರಿಸಿತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ. 16.5, ಹೆಂಗಸರಲ್ಲಿ ಶೇ. 0.9 ಮಂದಿ ಕುಡಿಯುತ್ತಾರೆ. ದೇಶದಲ್ಲಿ ಮುಸ್ಲಿಮರಲ್ಲಿ ಈ ಪ್ರಮಾಣ ಕಡಿಮೆ.

ಆದರೆ ಸರಾಸರಿ ಎಂಬುದು ಗುಂಪಿನ ಲೆಕ್ಕ, ಒಬ್ಬ ಹುಡುಗನ ಲೆಕ್ಕವಲ್ಲ ಎಂದು ಕಾಮರ್ಸ್ ಓದುವ ನಮಗೆ ಗೊತ್ತು. "ನಮ್ಮಲ್ಲಿ ಹರಾಮ್, ಯಾರೂ ಕುಡಿಯಲ್ಲ" ಎಂದು ಸುಮ್ಮನಿದ್ದರೆ, ಚಟಕ್ಕೆ ಬಿದ್ದವನು ನಾಚಿಕೆಯಿಂದ ಬಾಯಿಯೇ ಬಿಡುವುದಿಲ್ಲ. ಅಂಥ ಗೆಳೆಯನಿದ್ದರೆ ಬೈಯಬೇಡಿ. ನಂಬಿಕೆಯ ಉಪನ್ಯಾಸಕರ ಬಳಿ ಕರೆದೊಯ್ಯಿರಿ, ಇಲ್ಲವೇ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿಸಿ, ಅದು ಉಚಿತ.