ಕಾಲೇಜಿನ ಸ್ಥಾನವೂ ಸೈನ್ಯದ ಹಂಬಲವೂ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಮೇಲೆ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿನ ಮಾತೆಲ್ಲವೂ ಒಂದೇ ವಿಷಯಕ್ಕೆ ತಿರುಗುವುದುಂಟು. ಮಗನಿಗೆ ಯಾವ ಕಾಲೇಜು ದೊರೆತೀತು, ಅದಕ್ಕೆ ಹಣವೆಷ್ಟು ಬೇಕಾದೀತು ಎಂಬುದೇ ಆ ಮಾತು. ಇಂಥ ಮನೆಗಳಲ್ಲಿ ಕೆಲವಕ್ಕೆ ಇನ್ನೊಂದು ತೊಡಕೂ ಸೇರಿರುತ್ತದೆ. ಹುಡುಗನು ಸೇನಾಧಿಕಾರಿಯಾಗಬೇಕೆಂದು ಹಟ ಹಿಡಿದಿರುತ್ತಾನೆ. ತಂದೆಯು ಮೊದಲು ಇಂಜಿನಿಯರಿಂಗ್ ಸ್ಥಾನವೊಂದು ಕೈಸೇರಲಿ ಎನ್ನುತ್ತಾನೆ. ತಾಯಿಯು ಇಬ್ಬರ ಮಾತಿಗೂ ತಲೆದೂಗಿ ಸುಮ್ಮನಾಗುತ್ತಾಳೆ. ಇಂಥ ಗೃಹಸ್ಥರಿಗೆ ಉಪಯೋಗವಾದೀತೆಂದು ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಕಾಲೇಜಿನ ಸಂಗತಿ. ಕರ್ನಾಟಕದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳನ್ನು ಹೊಗಲು ಮೂರು ಬಾಗಿಲುಗಳಿವೆ. ಸರ್ಕಾರದ ಪಾಲಿನ ಸ್ಥಾನಗಳು ಸಿ.ಇ.ಟಿ. ಮೂಲಕ ಹಂಚಲ್ಪಡುತ್ತವೆ, ಅಲ್ಲಿ ಪ್ರವೇಶಪರೀಕ್ಷೆಯ ಅಂಕಗಳಿಗೆ ಅರ್ಧ ಬೆಲೆ, ಪಿ.ಯು.ಸಿ. ಅಂಕಗಳಿಗೆ ಉಳಿದರ್ಧ ಬೆಲೆ. ಎರಡನೆಯದು ಕಾಮೆಡ್‌ಕೆ, ಅಲ್ಲಿ ಅವರ ಪರೀಕ್ಷೆಯ ಅಂಕವೇ ಸರ್ವಸ್ವ. ಮೂರನೆಯದು ಆಡಳಿತ ಮಂಡಲಿಯ ಪಾಲು. ಇಲ್ಲಿ ಹುಡುಗನ ಅಂಕಕ್ಕಿಂತ ತಂದೆಯ ಚೀಲವನ್ನು ತೂಗುವುದೇ ಹೆಚ್ಚು. ಈ ಮೂರನೆಯ ಬಾಗಿಲಿನ ವಿಷಯವಾಗಿ ನಮ್ಮ ನಾಡಿಗೆ ಹಳೆಯ ಅಪಕೀರ್ತಿಯೊಂದಿದೆ. ಕ್ಯಾಪಿಟೇಷನ್ ಹಣವನ್ನು ನಿಷೇಧಿಸುವ ಕಾನೂನು ಇಲ್ಲಿ 1984ರಲ್ಲಿಯೇ ಆಯಿತು, 1992ರಲ್ಲಿ ಸುಪ್ರೀಂ ಕೋರ್ಟು ನಮ್ಮ ರಾಜ್ಯದ ಮೊಕದ್ದಮೆಯೊಂದರಲ್ಲಿಯೇ ಅಂಥ ವಸೂಲಿಯು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು, 2002ರ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ಮಂದಿ ನ್ಯಾಯಾಧೀಶರು ಕುಳಿತು, ಖಾಸಗಿ ಸಂಸ್ಥೆಗಳು ತಮ್ಮ ಶುಲ್ಕವನ್ನು ತಾವು ಗೊತ್ತುಮಾಡಬಹುದು, ಆದರೆ ಕ್ಯಾಪಿಟೇಷನ್ ಕೂಡದು ಎಂದರು. ಇಷ್ಟಾದ ಮೇಲೂ ರಸೀತಿಯಿಲ್ಲದೆ ಹಣ ಕೇಳುವವರು ಇದ್ದರೆ ಅವರಿಗೆ ಬೆನ್ನು ತೋರಿಸಿ ಬರುವುದೇ ಲೇಸು.

ಇನ್ನು ಸೈನ್ಯದ ಸಂಗತಿ. ಖಡಕ್‌ವಾಸ್ಲದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿನ ಅವಿವಾಹಿತರು ಅರ್ಹರು. ಯು.ಪಿ.ಎಸ್.ಸಿ. ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600, ಆಮೇಲೆ ಐದು ದಿನದ ಆಯ್ಕೆ ಮಂಡಲಿಯ ಪರೀಕ್ಷೆಗೆ 900 ಅಂಕಗಳು. ಒಂದೊಂದು ಸಲಕ್ಕೆ ಸ್ಥಾನಗಳು ಸುಮಾರು 400. ಅರ್ಜಿಗಳಾದರೋ ಲಕ್ಷಗಳ ಲೆಕ್ಕದಲ್ಲಿ. ಮೂರು ವರ್ಷ ಅಲ್ಲಿಯೂ, ಭೂಸೈನ್ಯಕ್ಕೆ ಸೇರುವವರಾದರೆ ಮತ್ತೊಂದು ವರ್ಷ ಡೆಹರಾಡೂನಿನಲ್ಲಿಯೂ ಶಿಕ್ಷಣ. ಪದವಿಯು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ್ದು. ಬೋಧನೆಯ ವೆಚ್ಚ ಸರ್ಕಾರದ್ದು. ಲೆಫ್ಟಿನೆಂಟನ ಮೂಲವೇತನವು ಏಳನೆಯ ವೇತನ ಆಯೋಗದ ಪ್ರಕಾರ 56,100 ರೂಪಾಯಿಗಳಿಂದ ಮೊದಲಾಗುತ್ತದೆ, ಭತ್ಯಗಳು ಬೇರೆ.

ಇಲ್ಲಿಯೇ ಗೃಹಸ್ಥನ ಸಂಕಟವೂ ಹುಟ್ಟುವುದು. ಏಪ್ರಿಲಿನಲ್ಲಿ ಬರೆದ ಪರೀಕ್ಷೆಯ ಶಿಕ್ಷಣವು ಮುಂದಿನ ಜನವರಿಗೆ ಪ್ರಾರಂಭವಾಗತಕ್ಕದ್ದು. ಕಾಲೇಜು ಅಷ್ಟು ದಿನ ಕಾಯುವುದಿಲ್ಲ. ಹುಡುಗನು ಆಯ್ಕೆ ಮಂಡಲಿಯ ಕರೆಗಾಗಿ ಕಾದಿರುವ ತಿಂಗಳುಗಳಲ್ಲಿಯೇ ಕಾಲೇಜಿನವರು ಇಂಥ ದಿನದೊಳಗೆ ಹಣ ಕಟ್ಟಬೇಕೆಂದು ಹೇಳುತ್ತಾರೆ. ಕಟ್ಟಿದರೆ ಜನವರಿಯಲ್ಲಿ ಹಣ ಹೋದಂತೆಯೇ. ಕಟ್ಟದಿದ್ದರೆ, ಆಯ್ಕೆಯೂ ಆಗದೆ ಹೋದಲ್ಲಿ, ವರ್ಷವೇ ಹೋದಂತೆ. ಅತ್ತ ದರಿ, ಇತ್ತ ಪುಲಿ.

ನಮ್ಮ ಅಭಿಪ್ರಾಯದಲ್ಲಿ ಈ ಸಂಕಟದ ಮುಕ್ಕಾಲು ಪಾಲು, ಸೈನ್ಯಕ್ಕೆ ಖಡಕ್‌ವಾಸ್ಲವೊಂದೇ ದಾರಿಯೆಂಬ ಭಾವನೆಯಿಂದ ಬಂದದ್ದು. ಹಿಂದಿನವರನ್ನೇ ನೋಡಬಹುದು. ಕೊಡಗಿನ ಇಬ್ಬರು ಮಹನೀಯರಲ್ಲಿ ತಿಮ್ಮಯ್ಯನವರು ಚಿಕ್ಕಂದಿನಲ್ಲಿಯೇ ಡೆಹರಾಡೂನಿನ ಸೈನಿಕ ವಿದ್ಯಾಲಯವನ್ನು ಸೇರಿ, ಅಲ್ಲಿಂದ ಸ್ಯಾಂಡ್‌ಹರ್ಸ್ಟಿಗೆ ಹೋದವರು. ಕಾರ್ಯಪ್ಪನವರು ಮಡಿಕೇರಿಯಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ಆ ಮೇಲೆ 1919ರಲ್ಲಿ ಇಂದೋರಿನ ಶಿಕ್ಷಣಕ್ಕೆ ಆಯ್ಕೆಯಾದವರು. 1949ರ ಜನವರಿ 15ರಂದು ಭಾರತೀಯ ಸೈನ್ಯದ ಪ್ರಥಮ ಭಾರತೀಯ ದಂಡನಾಯಕರಾದವರು ಕಾಲೇಜಿನ ದಾರಿ ಹಿಡಿದ ಈ ಕಾರ್ಯಪ್ಪನವರೇ.

ಈಗಲೂ ಕಾಲೇಜಿನಿಂದ ಸೈನ್ಯಕ್ಕೆ ಹೋಗುವ ದಾರಿಗಳು ಹಲವು. ಪದವಿಯಾದವರಿಗೆ ಸಿ.ಡಿ.ಎಸ್. ಪರೀಕ್ಷೆಯಿದೆ, ವಾಯುಸೇನೆಗೆ ಬೇರೆ ಪರೀಕ್ಷೆಯಿದೆ. ಇಂಜಿನಿಯರಿಂಗ್ ಪದವೀಧರರನ್ನು ಇಪ್ಪತ್ತರಿಂದ ಇಪ್ಪತ್ತೇಳು ವರ್ಷದೊಳಗೆ ಲಿಖಿತ ಪರೀಕ್ಷೆಯೇ ಇಲ್ಲದೆ ಆಯ್ಕೆ ಮಂಡಲಿಗೆ ಕರೆಯುವ ಯೋಜನೆಗಳೂ ಭೂಸೈನ್ಯದಲ್ಲಿವೆ. ಆ ಕರೆಯು ಬರುವುದು ಪದವಿಯ ಅಂಕಗಳ ಮೇಲೆ. ಆದಕಾರಣ, ಹೆಸರಾಂತ ಕಾಲೇಜಿನಲ್ಲಿ ಏದುಸಿರು ಬಿಡುತ್ತ ಐವತ್ತೈದು ತೆಗೆದವನಿಗಿಂತ, ಸಾಧಾರಣ ಕಾಲೇಜಿನಲ್ಲಿ ಎಪ್ಪತ್ತೈದು ತೆಗೆದವನಿಗೆ ಕರೆ ಬರುವ ಸಂಭವ ಹೆಚ್ಚು. ಖಾಸಗಿ ಕಾಲೇಜಿನ ಹೆಸರಿಗಾಗಿ ಸಾಲಮಾಡಲು ಹೊರಟವರು ಈ ಮಾತನ್ನು ಎರಡು ಸಲ ಯೋಚಿಸಬೇಕು. ಇದಲ್ಲದೆ, ಭೌತಶಾಸ್ತ್ರ, ರಸಾಯನ, ಗಣಿತಗಳಲ್ಲಿ ಶೇಕಡ 60 ಅಂಕ ಪಡೆದು ಜೆ.ಇ.ಇ. ಮೇನ್ ಬರೆದವರನ್ನು ಪಿ.ಯು.ಸಿ. ಆದೊಡನೆಯೇ ಭೂಸೈನ್ಯವು ತೆಗೆದುಕೊಂಡು, ತನ್ನ ವೆಚ್ಚದಲ್ಲಿಯೇ ಇಂಜಿನಿಯರಿಂಗ್ ಓದಿಸುವ ಯೋಜನೆಯೂ ಒಂದುಂಟು. ಜೆ.ಇ.ಇ.ಯಲ್ಲಿ ಐ.ಐ.ಟಿ. ಸಿಗಲಿಲ್ಲವೆಂದು ಆ ಅಂಕಪಟ್ಟಿಯನ್ನು ಮೂಲೆಗೆಸೆಯುವವರು ಇದನ್ನು ಗಮನಿಸುವುದೇ ಅಪೂರ್ವ.

ಸೈನ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಲೇಜು ಆರಿಸುವವರು ಕಟ್ಟಡದ ಗಾಜನ್ನೂ ಉಪಾಹಾರಗೃಹವನ್ನೂ ನೋಡಿ ಮರುಳಾಗಬಾರದು. ಓದುವ ವಿಭಾಗದ ಹೆಸರನ್ನು ನೋಡಬೇಕು. ಸೈನ್ಯದ ಪ್ರಕಟಣೆಗಳಲ್ಲಿ ಯಾವ ಯಾವ ವಿಭಾಗಗಳು ಸಲ್ಲುವುವೆಂದು ಪಟ್ಟಿಯೇ ಇರುತ್ತದೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಮುಂತಾದ ಹಳೆಯ ಹೆಸರುಗಳಿಗೆ ಅಡ್ಡಿಯಿಲ್ಲ. ಖಾಸಗಿ ಕಾಲೇಜುಗಳು ವರ್ಷವರ್ಷವೂ ಹುಟ್ಟಿಸುವ ಹೊಸ ಹೊಸ ಹೆಸರುಗಳು ಆ ಪಟ್ಟಿಯಲ್ಲಿರುವುವೇ ಎಂದು ಮೊದಲೇ ಹೊಂದಿಸಿ ನೋಡುವುದು ಕ್ಷೇಮ. ಎರಡನೆಯದಾಗಿ, ಎನ್.ಸಿ.ಸಿ. ಪಡೆಯು ಅಲ್ಲಿದೆಯೇ ಎಂದು ಕೇಳಬೇಕು. ‘ಸಿ’ ಸರ್ಟಿಫಿಕೇಟು ಪಡೆದ ಪದವೀಧರರಿಗೆ ಲಿಖಿತ ಪರೀಕ್ಷೆಯಿಲ್ಲದ ಪ್ರತ್ಯೇಕ ಪ್ರವೇಶವೇ ಇದೆ. ಹಣ ಕಟ್ಟಿ ಸೇರಿಯಾದ ಮೇಲೆ ಇಲ್ಲಿ ಎನ್.ಸಿ.ಸಿ. ಇಲ್ಲವೆಂದು ತಿಳಿದರೆ ಪ್ರಯೋಜನವೇನು?

ಸಾಲದ ವಿಷಯವನ್ನು ಬಿಚ್ಚಿಯೇ ಹೇಳಬೇಕು. ಆಡಳಿತ ಮಂಡಲಿಯ ಸ್ಥಾನಕ್ಕೆ ವರ್ಷಕ್ಕೆ ಹಲವು ಲಕ್ಷ ರೂಪಾಯಿಗಳಾಗುವುದು ಈಗ ಸಾಮಾನ್ಯ. ದೊಡ್ಡ ಕಂಪೆನಿಯ ಸಂಬಳವನ್ನು ನೆಚ್ಚಿ ಮಾಡಿದ ಸಾಲವನ್ನು ಸೈನ್ಯದ ಸಂಬಳದಿಂದ ತೀರಿಸುವುದು ಅಸಾಧ್ಯವಲ್ಲದಿದ್ದರೂ ನಿಧಾನದ ಕೆಲಸ. ಅಲ್ಪಾವಧಿ ಸೇವೆಯಲ್ಲಿ ಸೇರಿದವನಿಗೆ ಹತ್ತು ವರ್ಷ, ಹೆಚ್ಚೆಂದರೆ ಹದಿನಾಲ್ಕು ವರ್ಷ ಉದ್ಯೋಗ. ಆ ಮೇಲೆ ಗ್ರಾಚ್ಯುಯಿಟಿಯುಂಟು, ಪಿಂಚಣಿಯಿಲ್ಲ. ಮುಂದೆ ಹುಡುಗನು ಮನಸ್ಸು ಬಲಿತು ಸೈನ್ಯಕ್ಕೇ ಹೊರಟಾಗ, ತಂದೆಯು ‘ನಿನಗಾಗಿ ಹೊಲ ಅಡವಿಟ್ಟೆನಲ್ಲ’ ಎಂದು ತಡೆಯುವಂತಾಗಬಾರದು. ಸರ್ಕಾರದ ಪಾಲಿನ ಸ್ಥಾನ ದೊರೆಯುವಂತಿದ್ದರೆ, ಕಾಲೇಜು ಸಣ್ಣದಾದರೂ, ಇಂಥ ಹುಡುಗನಿಗೆ ಅದೇ ಮೇಲು ಎಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ.

ಹೆಣ್ಣುಮಕ್ಕಳ ತಂದೆತಾಯಿಗಳಿಗೂ ಈ ಮಾತೆಲ್ಲ ಸಲ್ಲುತ್ತದೆ. ಸುಪ್ರೀಂ ಕೋರ್ಟಿನ 2021ರ ಆಜ್ಞೆಯಿಂದ ಖಡಕ್‌ವಾಸ್ಲದ ಬಾಗಿಲು ಅವರಿಗೂ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಿನಲ್ಲಿ ಉತ್ತೀರ್ಣರಾಗಿ ಹೊರಬಂದರು.

ದೇಹಸ್ಥಿತಿಯನ್ನು ಕಡೆಗಿರಿಸುವುದು ವಾಡಿಕೆ. ಅದು ಮೊದಲೇ ಆಗತಕ್ಕದ್ದು. ದೃಷ್ಟಿ, ಬಣ್ಣಗಳ ಗುರುತು, ಚಪ್ಪಟೆ ಪಾದ, ಕಿವಿ ಇವುಗಳನ್ನು ಹದಿನಾರನೆಯ ವಯಸ್ಸಿನಲ್ಲಿಯೇ ಒಳ್ಳೆಯ ವೈದ್ಯರಿಗೆ ತೋರಿಸಿದರೆ ಎಷ್ಟೋ ವರ್ಷಗಳ ಆಸೆನಿರಾಸೆಗಳು ಉಳಿಯುತ್ತವೆ. ಅಹಿತವಾದ ಇನ್ನೊಂದು ಸಂಗತಿಯನ್ನೂ ಮುಚ್ಚಿಡಲಾರೆವು. ಶಿಕ್ಷಣದ ಕಾಲದಲ್ಲಿಯೇ ಗಾಯಗೊಂಡು ಅಂಗವಿಕಲರಾಗಿ ಮನೆಗೆ ಮರಳಿದ ಯುವಕರಿದ್ದಾರೆ. ಅವರಿನ್ನೂ ಅಧಿಕಾರಿಗಳಾಗಿರಲಿಲ್ಲವೆಂಬ ಕಾರಣದಿಂದ ಮಾಜಿ ಸೈನಿಕರ ಸ್ಥಾನಮಾನವು ಅವರಿಗೆ ಸಿಕ್ಕಿರಲಿಲ್ಲ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಅದೇ ತಿಂಗಳಲ್ಲಿ ಸರ್ಕಾರವು ಮಾಜಿ ಸೈನಿಕರ ವೈದ್ಯಕೀಯ ಸೌಲಭ್ಯವನ್ನು ಅವರಿಗೂ ವಿಸ್ತರಿಸಿತು. ಮಗನನ್ನು ಕಳುಹಿಸುವವರು ಇದನ್ನೂ ತಿಳಿದೇ ಕಳುಹಿಸಬೇಕು.

ಹಣ ಕಟ್ಟುವ ದಿನ ಬಂದಾಗ ಮಾಡಬೇಕಾದ ಎರಡು ಕೆಲಸಗಳಿವೆ. ಹುಡುಗನು ನಡುವೆ ಬಿಟ್ಟು ಹೋದರೆ ಎಷ್ಟು ಹಣ, ಯಾವ ದಿನಾಂಕದೊಳಗೆ ಹಿಂದಿರುಗುವುದೆಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು; ಬಾಯಿಮಾತಿಗೆ ಜನವರಿಯಲ್ಲಿ ಬೆಲೆಯಿರುವುದಿಲ್ಲ. ಮತ್ತು ಮೂಲ ಅಂಕಪಟ್ಟಿಗಳನ್ನು ಕಾಲೇಜಿನಲ್ಲಿ ಬಿಟ್ಟು ಬರಕೂಡದು. ಅವುಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಇಟ್ಟುಕೊಳ್ಳಬಾರದೆಂದು ಯು.ಜಿ.ಸಿ.ಯು 2018ರಲ್ಲಿಯೇ ಪ್ರಕಟಿಸಿದೆ. ಬೆಂಗಳೂರಿನ ಆಯ್ಕೆ ಕೇಂದ್ರದಲ್ಲಾಗಲಿ ಮೈಸೂರಿನ ವಾಯುಸೇನಾ ಮಂಡಲಿಯಲ್ಲಾಗಲಿ, ಮೊದಲ ದಿನ ಬೆಳಿಗ್ಗೆ ಹುಡುಗನ ಕೈಯಲ್ಲಿ ನೋಡುವುದು ಆ ಮೂಲಪತ್ರಗಳನ್ನೇ.