ಬೆಳೆಯುವ ಬಾಲಿಕೆಯರ ಆಹಾರ

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ವಿನಯಪೂರ್ವಕವಾಗಿ ಅರಿಕೆ ಮಾಡಬೇಕಾದ ವಿಷಯವೊಂದುಂಟು. ನಾನು ಹೊಸದಾಗಿ ಉಪಾಧ್ಯಾಯಿನಿಯಾಗಿದ್ದಾಗ, ಮಧ್ಯಾಹ್ನದ ಪಾಠದಲ್ಲಿ ತೂಕಡಿಸುತ್ತಿದ್ದ ಹುಡುಗಿಯೊಬ್ಬಳನ್ನು ಸೋಮಾರಿಯೆಂದು ಗದರಿಸಿದೆನು. ಬಳಿಕ ವೈದ್ಯರು ಅವಳ ರಕ್ತವನ್ನು ಪರೀಕ್ಷಿಸಿ, ಇದು ಸೋಮಾರಿತನವಲ್ಲ, ರಕ್ತಹೀನತೆಯೆಂದರು. ಅವಳು ಬಡವರ ಮಗಳೂ ಆಗಿರಲಿಲ್ಲ. ಆ ಗದರಿಕೆಯನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಪ್ರಾಯಕ್ಕೆ ಬರುವ ಕಾಲದಲ್ಲಿ ಬಾಲಿಕೆಯ ಶರೀರವು ವೇಗವಾಗಿ ಬೆಳೆಯುತ್ತದೆ. ತಿಂಗಳು ತಿಂಗಳೂ ರಕ್ತವು ನಷ್ಟವಾಗುತ್ತದೆ. ಆದುದರಿಂದ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣಾಂಶ ಬೇಕಾದರೆ, ಅದೇ ವಯಸ್ಸಿನ ಹುಡುಗಿಗೆ 30 ಮಿಲಿಗ್ರಾಂ ಬೇಕು. 100 ಮಿಲಿಲೀಟರು ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಾದರೆ ಅದೇ ರಕ್ತಹೀನತೆ. ದಣಿವು, ತಲೆಸುತ್ತು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳು.

ಆಳಂದ ತಾಲೂಕಿನ ಮಟಕಿಯಂಥ ಊರುಗಳಿಂದ ದುಡಿಮೆಗಾಗಿ ಕಲಬುರಗಿಗೆ ಬಂದು ನೆಲೆಸುವ ಬಡ ಕುಟುಂಬಗಳನ್ನು ನೋಡಿರಿ. ತಾಯಿಯು ನಸುಕಿನಲ್ಲಿಯೇ ಕೂಲಿಗೆ ಹೊರಡುತ್ತಾಳೆ. ಮಗಳು ಚಹಾ ಕುಡಿದು ಬರಿಹೊಟ್ಟೆಯಲ್ಲಿಯೇ ಶಾಲೆಗೆ ಬರುತ್ತಾಳೆ. ತೊಗರಿಯ ನಾಡಿನಲ್ಲಿದ್ದರೂ ಅವಳ ರೊಟ್ಟಿಗೆ ದೊರೆಯುವುದು ತಿಳಿಯಾದ ಬೇಳೆಸಾರು ಮಾತ್ರ. ಹೊಸ ಬಡಾವಣೆಯ ಸ್ಥಿತಿವಂತರ ಮಗಳಿಗಾದರೋ ಎಲ್ಲವೂ ಉಂಟು. ಆದರೆ ಅವಳು ಬಿಸ್ಕತ್ತು, ಕರಿದ ತಿಂಡಿಗಳಿಂದ ಹೊಟ್ಟೆ ತುಂಬಿಸಿಕೊಂಡು ಸೊಪ್ಪಿನ ಪಲ್ಯವನ್ನು ತಟ್ಟೆಯಲ್ಲಿಯೇ ಬಿಡುತ್ತಾಳೆ, ಅಥವಾ ದಪ್ಪವಾದೇನೆಂಬ ಭಯದಿಂದ ಊಟವನ್ನೇ ತ್ಯಜಿಸುತ್ತಾಳೆ. ಒಬ್ಬಳ ತಟ್ಟೆ ಬರಿದು, ಇನ್ನೊಬ್ಬಳದು ತುಂಬಿದ್ದರೂ ನಿಸ್ಸಾರ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಅತ್ಯಂತ ಸ್ಥಿತಿವಂತ ಕುಟುಂಬಗಳ ಸ್ತ್ರೀಯರಲ್ಲಿಯೂ ಸುಮಾರು ಅರ್ಧದಷ್ಟು ಮಂದಿಗೆ ಈ ನ್ಯೂನತೆಯಿತ್ತು. ಆದುದರಿಂದ ಮೈ ತುಂಬಿಕೊಂಡಿದೆಯೆಂದು ತಾಯಂದಿರು ನಿಶ್ಚಿಂತರಾಗಿರಬಾರದು. ರಕ್ತವನ್ನು ಪರೀಕ್ಷಿಸಿಯೇ ತಿಳಿಯಬೇಕು.

ಪರಿಹಾರವು ದುಬಾರಿಯಾದುದಲ್ಲ. ಸಜ್ಜೆಯ ರೊಟ್ಟಿ, ಗಟ್ಟಿಯಾದ ಬೇಳೆ, ಮೊಳಕೆ ಬರಿಸಿದ ಕಾಳು, ರಾಜಗಿರಿ ಮೆಂತ್ಯದ ಸೊಪ್ಪು, ಶೇಂಗಾ ಹಿಂಡಿ ನಮ್ಮ ಸಂತೆಯಲ್ಲಿಯೇ ದೊರೆಯುತ್ತವೆ. ತಿನ್ನುವವರಿಗೆ ತತ್ತಿ, ಮೀನು, ಮಾಂಸಗಳೂ ಉತ್ತಮ. ಊಟದೊಡನೆ ನಿಂಬೆಯ ರಸವಿದ್ದರೆ ಕಬ್ಬಿಣಾಂಶವು ಚೆನ್ನಾಗಿ ಮೈಗೂಡುತ್ತದೆ; ಚಹಾವು ಅದನ್ನು ತಡೆಯುವುದರಿಂದ ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. 2013ರಲ್ಲಿ ಆರಂಭವಾದ ಯೋಜನೆಯಂತೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಊಟವಾದ ಮೇಲೆ ನುಂಗಬೇಕು. ಮಲವು ಕಪ್ಪಾದರೆ ಹೆದರಬೇಕಾಗಿಲ್ಲ. ಜಂತುಹುಳುವಿನ ಗುಳಿಗೆಯನ್ನೂ ತಪ್ಪಿಸಬಾರದು.

ಕೊನೆಯದಾಗಿ ಒಂದು ಮಾತು. ಗಂಡಸರೆಲ್ಲರೂ ಉಂಡ ಮೇಲೆ ಮಗಳು ಉಣ್ಣುವ ರೂಢಿಯು ಬಡವರಲ್ಲಿಯೂ ಉಂಟು, ಶ್ರೀಮಂತರಲ್ಲಿಯೂ ಉಂಟು. ಇದನ್ನು ಬಿಡಿಸಲು ಹಣವು ಬೇಡ, ಮನಸ್ಸು ಸಾಕು. ತಮ್ಮನ ತಟ್ಟೆಗೆ ಬೀಳುವ ಒಳ್ಳೆಯ ತುತ್ತು ಅಕ್ಕನ ತಟ್ಟೆಗೂ ಅದೇ ಹೊತ್ತಿಗೆ ಬೀಳಲೆಂಬುದೇ ನನ್ನ ಪ್ರಾರ್ಥನೆ.