ನಾಡದೋಣಿಗೆ ವೇಗ ಎಲ್ಲಿಂದ ಬರುತ್ತದೆ?

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಆ 61 ದಿನ ಕಡಲು ನಾಡದೋಣಿಗಳದ್ದು. 10 ಅಶ್ವಶಕ್ತಿಯವರೆಗಿನ ಎಂಜಿನ್ ಹಾಕಿದ ದೋಣಿಗಳಿಗೆ ವಿನಾಯಿತಿ ಇರುವುದರಿಂದ ಶಿರೂರು, ಉಪ್ಪುಂದ, ಕೊಡೇರಿ, ಮರವಂತೆ, ಗಂಗೊಳ್ಳಿಯಿಂದ ಹಿಡಿದು ಕೋಡಿಬೇಂಗ್ರೆಯವರೆಗೆ, ಕಡಲು ತುಸು ತಣಿದ ದಿನ ನೋಡಿ ದೋಣಿಗಳು ಹೊರಡುತ್ತವೆ. ಬೂತಾಯಿ, ಬಂಗುಡೆ, ಸಿಗಡಿ ದಡದ ಹತ್ತಿರಕ್ಕೆ ಬರುವ ಕಾಲ ಅದು. ಮೀನಿನ ಗುಂಪನ್ನು ಮೊದಲು ಮುಟ್ಟಿದವರಿಗೆ ಬಲೆ ಬಿಡಲು ಜಾಗ, ಮೊದಲು ದಡ ಸೇರಿದವರಿಗೆ ಹರಾಜಿನಲ್ಲಿ ಒಳ್ಳೆಯ ಬೆಲೆ. ಹಾಗಾಗಿ ವೇಗದ ಆಸೆ ಸಹಜ. ಅದನ್ನು ಹುಡುಗಾಟಿಕೆ ಎಂದು ತಳ್ಳಿಹಾಕಲಾಗದು.

ಆದರೆ ಆ ಆಸೆಯ ಹಿಂದೆ ಹೋಗುವ ದುಡ್ಡಿನ ಬಹುಪಾಲು ತಪ್ಪು ಕಡೆ ಹೋಗುತ್ತಿದೆ. ಈಗ ಫೋನಿನಲ್ಲಿ ಅಮೆರಿಕದ ಬಾಸ್ ದೋಣಿಗಳ ವಿಡಿಯೊ ಸಿಗುತ್ತವೆ. ಕೆರೆಯ ನಿಂತ ನೀರಿನಲ್ಲಿ ಬಾಸ್ ಮೀನಿಗೆ ಗಾಳ ಹಾಕುವ, 20 ಅಡಿಯ ಆಸುಪಾಸಿನ ದೋಣಿಗಳವು. ಹಿಂದೆ 250 ಅಶ್ವಶಕ್ತಿಯ ಎಂಜಿನ್, ಒಳಗೆ ಇಬ್ಬರು, ಗಂಟೆಗೆ 110 ಕಿ.ಮೀ. ಮೀರುವ ಓಟ. ಅವು ನೀರಿನ ಮೇಲೆ ಜಾರುತ್ತವೆ. ಬಲೆ, ಮೀನು, ಜನ ತುಂಬಿದ ನಮ್ಮ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ಅಲ್ಲಿ ನಡೆಯುವ ಉಪಾಯ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಕಲ್ಪನೆ: ಎಂಜಿನ್ ದುಪ್ಪಟ್ಟಾದರೆ ವೇಗವೂ ದುಪ್ಪಟ್ಟು

ನೀರನ್ನು ಸೀಳಿ ಸಾಗುವ ದೋಣಿಗೆ ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನದಂತೆ ಏರುತ್ತದೆ. ಅಂದರೆ ಅಶ್ವಶಕ್ತಿ ಎರಡು ಪಟ್ಟಾದರೆ ವೇಗ ಹೆಚ್ಚುವುದು ಶೇ. 26ರಷ್ಟು ಮಾತ್ರ. ಗಂಟೆಗೆ 13 ಕಿ.ಮೀ. ಹೋಗುತ್ತಿದ್ದ ದೋಣಿ 16 ಮುಟ್ಟಿದರೆ ದೊಡ್ಡದು. ಎಣ್ಣೆ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟು ಹೋಗುತ್ತದೆ.

ಇದಕ್ಕೂ ಗಟ್ಟಿಯಾದ ಗೋಡೆ ಇನ್ನೊಂದಿದೆ. ದೋಣಿ ಓಡುವಾಗ ತಾನೇ ಎಬ್ಬಿಸಿದ ತೆರೆಯೊಳಗೆ ತಾನೇ ಸಿಕ್ಕಿಕೊಳ್ಳುತ್ತದೆ. ಮೂತಿಯ ಬಳಿ ಒಂದು ಉಬ್ಬು, ಹಿಂಬದಿಯಲ್ಲಿ ಇನ್ನೊಂದು. ವೇಗ ಹೆಚ್ಚಿದಂತೆ ಹಿಂಬದಿಯ ಉಬ್ಬು ದೋಣಿಯಿಂದ ಹಿಂದೆ ಸರಿಯುತ್ತದೆ, ದೋಣಿಯ ಹಿಂಭಾಗ ತಗ್ಗಿಗೆ ಕೂರುತ್ತದೆ, ಮೂತಿ ಮೇಲೇಳುತ್ತದೆ. ಅಲ್ಲಿಂದ ಮುಂದೆ ಏರುದಾರಿ ಹತ್ತಿದಂತೆಯೇ. ಇದಕ್ಕೊಂದು ಲೆಕ್ಕವಿದೆ: ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಬರುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. 24 ಅಡಿಗೆ ಸುಮಾರು 12 ಕಿ.ಮೀ., 30 ಅಡಿಗೆ 13.6 ಕಿ.ಮೀ. ಸಪೂರ ದೋಣಿ, ಖಾಲಿ ದೋಣಿ ಇದನ್ನು ಸ್ವಲ್ಪ ಮೀರೀತು. ತುಂಬಿದ ದೋಣಿ ಮೀರಲು ಒದ್ದಾಡುತ್ತದೆ. ಸಾಲ ಮಾಡಿ ತಂದ ದೊಡ್ಡ ಎಂಜಿನ್‌ನ ಶಕ್ತಿಯೆಲ್ಲ ಹಿಂದೆ ನೊರೆಯ ಗುಡ್ಡ ಎಬ್ಬಿಸಲು ಖರ್ಚಾಗುತ್ತದೆ. ಮೇಲಾಗಿ ಆ ದೋಣಿ ಮಳೆಗಾಲದ ವಿನಾಯಿತಿಯಿಂದಲೂ ಹೊರಗೆ.

ಈ ಲೆಕ್ಕದ ಇನ್ನೊಂದು ಮುಖ ನಮಗೆ ಲಾಭದ್ದು. ವೇಗವನ್ನು ಶೇ. 10ರಷ್ಟು ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಶೇ. 27ರಷ್ಟು ಇಳಿಯುತ್ತದೆ. ಹೋಗುವಾಗ ಆಕ್ಸಿಲರೇಟರ್ ತುಸು ಸಡಿಲಿಸಿ ಉಳಿಸಿದ ಎಣ್ಣೆ ವರ್ಷದ ಕೊನೆಗೆ ಸಣ್ಣ ಮೊತ್ತವಾಗುವುದಿಲ್ಲ.

ಕಲ್ಪನೆ: ಫ್ಯಾನಿನ ಪಿಚ್ ಹೆಚ್ಚಿದ್ದಷ್ಟೂ ಓಟ ಹೆಚ್ಚು

ಫ್ಯಾನ್, ಅಂದರೆ ಎಂಜಿನ್‌ನ ಪ್ರೊಪೆಲ್ಲರ್, ಒಂದು ಸುತ್ತು ತಿರುಗಿದಾಗ, ಜಾರದೆ ಹೋದರೆ, ಎಷ್ಟು ಮುಂದೆ ಹೋಗಬೇಕೋ ಅದೇ ಪಿಚ್. ಎಂಜಿನ್ ನಿಮಿಷಕ್ಕೆ 5000 ಸುತ್ತು, ಗೇರ್ 2:1 ಎಂದಿಟ್ಟುಕೊಳ್ಳಿ. ಫ್ಯಾನ್ ತಿರುಗುವುದು 2500 ಸುತ್ತು. 9 ಇಂಚು ಪಿಚ್ ಇದ್ದರೆ ಕಾಗದದ ಮೇಲೆ ಗಂಟೆಗೆ 34 ಕಿ.ಮೀ. ಬರುತ್ತದೆ. ಭಾರದ ದೋಣಿ ನಿಜಕ್ಕೆ ಓಡುವುದು 13 ಅಥವಾ 14. ಉಳಿದದ್ದೆಲ್ಲ ನೀರಿನಲ್ಲಿ ಜಾರಿ ಹೋಯಿತು. ಇಷ್ಟು ಜಾರುತ್ತಿರುವಾಗ ಪಿಚ್ ಇನ್ನೂ ಎರಡು ಇಂಚು ಏರಿಸಿದರೆ ಸಿಗುವುದೇನು? ಎಂಜಿನ್‌ಗೆ ತನ್ನ ಪೂರ್ಣ ಸುತ್ತು ಮುಟ್ಟಲಾಗುವುದಿಲ್ಲ. ಮೀನು ತುಂಬಿದ ಲಾರಿಯನ್ನು ಬಾಳೆಬರೆ ಘಾಟಿಯಲ್ಲಿ ಟಾಪ್ ಗೇರಿನಲ್ಲಿ ಹತ್ತಿಸಿದ ಹಾಗೆ. ಎಂಜಿನ್ ಮುಕ್ಕಿ, ಕಾದು, ಒಳಗೆ ಮಸಿ ಕಟ್ಟುತ್ತದೆ.

ಸರಿಯಾದ ಫ್ಯಾನ್ ಯಾವುದು ಎಂಬುದನ್ನು ಊಹಿಸಬೇಕಾಗಿಲ್ಲ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಎಷ್ಟು ಸುತ್ತು ಬರಬೇಕು ಎಂದು ಎಂಜಿನ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಪ್ಲಗ್ ವಯರಿಗೆ ಸುತ್ತಿ ಸುತ್ತು ಎಣಿಸುವ ಪುಟ್ಟ ಮೀಟರ್ ಸಿಗುತ್ತದೆ. ದಿನನಿತ್ಯದ ಭಾರ ಹೇರಿ ಓಡಿಸಿ ನೋಡಿ. ಸುತ್ತು ಕಡಿಮೆ ಬಂದರೆ ಪಿಚ್ ಇಳಿಸಬೇಕು, ಮಿತಿ ಮೀರಿದರೆ ಏರಿಸಬೇಕು. ಪಿಚ್ ಇಳಿಸಿದ ಮೇಲೆ ಭಾರದ ದೋಣಿಗೆ ವೇಗ ಹೆಚ್ಚಿತು ಎಂದರೆ ಮೊದಮೊದಲು ಯಾರೂ ನಂಬುವುದಿಲ್ಲ, ಆದರೆ ಎಂಜಿನ್ ತನ್ನ ನಿಜವಾದ ಶಕ್ತಿ ಕೊಡುವುದೇ ಆಗ.

ವೇಗ ಅಳೆಯುವಾಗಲೂ ಮೋಸ ಹೋಗಬಾರದು. ಫೋನಿನ ಜಿಪಿಎಸ್ ತೋರಿಸುವುದು ನೆಲದ ಲೆಕ್ಕದ ವೇಗ. ಇಳಿತದ ನೀರಿನ ಜೊತೆ ಹೊಳೆಯಿಂದ ಹೊರಗೆ ಹೊರಟವರಿಗೆ ಹೊಳೆಯ ಓಟವೂ ಸೇರಿ ಕಾಣುತ್ತದೆ. ಒಂದೇ ಜಾಗದಲ್ಲಿ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ನೋಡಿ ಸರಾಸರಿ ತೆಗೆಯಬೇಕು.

ಕಲ್ಪನೆ: ಎಂಜಿನ್ ಎತ್ತರಿಸಿ ಕೂರಿಸಿದರೆ ದೋಣಿ ಹಾರುತ್ತದೆ

ಇದು ಬಾಸ್ ದೋಣಿಯಿಂದ ಬಂದ ಪಾಠ, ಅರ್ಧ ಮಾತ್ರ ನಿಜ. ಫ್ಯಾನಿನ ಮೇಲೆ ಚಪ್ಪಟೆಯಾಗಿ ಹಿಂದಕ್ಕೆ ಚಾಚಿದ ತಟ್ಟೆಯೊಂದಿದೆ. ಅದು ದೋಣಿಯ ತಳದ ಮಟ್ಟಕ್ಕೆ, ಇಲ್ಲವೇ ಒಂದು ಇಂಚಿನಷ್ಟು ಕೆಳಗೆ ಇರಬೇಕು. 15 ಇಂಚಿನ ಶಾಫ್ಟ್ ಬೇಕಾದ ದೋಣಿಗೆ 20 ಇಂಚಿನದ್ದು ಹಾಕಿದರೆ ಎಂಜಿನ್‌ನ ಕಾಲು ನೀರಿನೊಳಗೆ ಅನಗತ್ಯವಾಗಿ ಎಳೆಯುತ್ತದೆ. ಅಂಥಲ್ಲಿ ಎತ್ತರಿಸಿದರೆ ಲಾಭವಿದೆ. ಆದರೆ ಅದಕ್ಕಿಂತ ಮೇಲೆ ಹೋದರೆ ಫ್ಯಾನ್ ಗಾಳಿಯನ್ನು ಒಳಗೆಳೆದುಕೊಂಡು ಬರಿದೇ ಸುತ್ತುತ್ತದೆ. ತಣಿಸುವ ನೀರು ಹೀರುವ ಕಿಂಡಿಯೂ ಆ ತಟ್ಟೆಯ ಕೆಳಗೇ ಇರುವುದರಿಂದ ಎಂಜಿನ್ ಪಕ್ಕದಿಂದ ಚಿಮ್ಮುವ ನೀರಿನ ಎಳೆ ಸಣ್ಣಗಾಗುತ್ತದೆ. ಆ ಎಳೆ ಕಡಿಯಿತೆಂದರೆ ಎಂಜಿನ್ ಸುಡಲು ಹೆಚ್ಚು ಹೊತ್ತು ಬೇಡ. ಕೆರೆಯ ನೀರು ಸಮತಟ್ಟು, ನಮ್ಮ ಕಡಲು ಹಾಗಲ್ಲ. ತೆರೆಯಲ್ಲಿ ಹೋಗುವ ದೋಣಿಗೆ ಎಂಜಿನ್ ತುಸು ಆಳಕ್ಕೇ ಇರಲಿ.

ಕಲ್ಪನೆ: ಆಯಿಲ್ ಜಾಸ್ತಿ ಹಾಕಿದರೆ ಎಂಜಿನ್ ಚುರುಕು

ಟೂ-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಹೆಚ್ಚಾದರೆ ಹೊಗೆ, ಮಸಿ, ಕೆಟ್ಟ ಪ್ಲಗ್. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪುಸ್ತಕದಲ್ಲಿ ಬರೆದ ಅಳತೆಯೇ ಅಳತೆ. ಸೀಮೆಎಣ್ಣೆಯ ಎಂಜಿನ್ ನಿಲ್ಲಿಸುವ ಮುನ್ನ ಕೊಂಚ ಹೊತ್ತು ಪೆಟ್ರೋಲಿನಲ್ಲಿ ಓಡಿಸುವ ಹಿರಿಯರ ರೂಢಿ ಮಾತ್ರ ಸರಿಯಾದದ್ದು. ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿಯುವುದಿಲ್ಲ, ಮರುದಿನ ಸಲೀಸಾಗಿ ಸ್ಟಾರ್ಟ್ ಆಗುತ್ತದೆ.

ಕಲ್ಪನೆ: "ಎಂಜಿನ್ ಹಳತಾಯ್ತ್, ಸ್ಪೀಡ್ ಬತ್ತಿಲ್ಲೆ"

ಎಂಜಿನ್ ಮೇಲೆ ಆರೋಪ ಹೊರಿಸುವ ಮೊದಲು ದೋಣಿಯೊಳಗೆ ಇಣುಕಿ ನೋಡಬೇಕು. ಹಲಗೆಯಡಿ ನಿಂತ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ 150 ಲೀಟರ್, ಅಂದರೆ 150 ಕಿಲೋ. ಇಬ್ಬರು ಗಂಡಾಳುಗಳಿಗಿಂತ ಹೆಚ್ಚಿನ ಭಾರ. ಅದೂ ದೋಣಿ ಓಡುವಾಗ ಹಿಂದಕ್ಕೆ ಹರಿದು ಎಂಜಿನ್ ಬುಡದಲ್ಲೇ ನಿಲ್ಲುತ್ತದೆ. ಒದ್ದೆ ಬಲೆ, ಎಣ್ಣೆಯ ಕ್ಯಾನು, ಜನ ಎಲ್ಲ ಹಿಂದೆಯೇ ಇದ್ದರೆ ಮೂತಿ ಆಕಾಶ ನೋಡುತ್ತದೆ. ಭಾರವನ್ನು ನಡುವಿಗೆ ತನ್ನಿ, ಕಾಸು ಖರ್ಚಿಲ್ಲದೆ ವೇಗ ಹೆಚ್ಚುತ್ತದೆ.

ತಳದ ಕತೆ ಇನ್ನೂ ದೊಡ್ಡದು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಸೇರುವ ಗಂಗೊಳ್ಳಿಯ ಹೊಳೆಯಲ್ಲಾಗಲಿ, ಹಂಗಾರಕಟ್ಟೆಯ ಹೊಳೆಯಲ್ಲಾಗಲಿ ವಾರಗಟ್ಟಲೆ ಕಟ್ಟಿಹಾಕಿದ ದೋಣಿಯ ಅಡಿಗೆ ಕೈ ಹಾಕಿದರೆ ಗೊತ್ತಾಗುತ್ತದೆ. ಮೊದಲು ಲೋಳೆಯಂಥ ಪಾಚಿ, ಆಮೇಲೆ ಬೆರಳು ಕೊಯ್ಯುವ ಚಿಪ್ಪು. ಈ ಒರಟು ಮೈಯನ್ನು ಎಳೆಯುವುದರಲ್ಲೇ ಎಂಜಿನ್ ಸೋಲುತ್ತದೆ. ಮರವಂತೆಯಂಥ ಕಡೆ ಮರಳ ಮೇಲೆ ಎಳೆದಿಡುವ ದೋಣಿಗೆ ಚಿಪ್ಪಿನ ಕಾಟ ಕಡಿಮೆ, ಬದಲಿಗೆ ಮರಳು ತಳವನ್ನು ಸವೆಸುತ್ತದೆ. ಎರಡಕ್ಕೂ ಕೆರೆದು, ತೇಪೆ ಹಾಕಿ, ನಯ ಮಾಡಿ ಬಣ್ಣ ಬಳಿಯುವುದೇ ಮದ್ದು.

ಫ್ಯಾನಿನ ಅಂಚನ್ನೂ ಬೆರಳಿನಿಂದ ಸವರಿ ನೋಡಿ. ಅಳಿವೆಯ ಮರಳಿಗೆ ತಾಗಿ ಅಂಚು ಮೊಂಡಾಗಿರುತ್ತದೆ, ಒಂದು ಎಲೆ ಬಾಗಿರುತ್ತದೆ. ಫ್ಯಾನ್ ಬಿಚ್ಚಿದಾಗ ಶಾಫ್ಟಿಗೆ ಬಲೆಯ ನೂಲು ಸುತ್ತಿಕೊಂಡಿದೆಯೇ ನೋಡಿ. ಆ ನೂಲು ಸೀಲ್ ಕತ್ತರಿಸಿದರೆ ಗೇರ್‌ಬಾಕ್ಸಿಗೆ ನೀರು ನುಗ್ಗುತ್ತದೆ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದು ಆಗಲೇ ನುಗ್ಗಿದೆ.

ಕಲ್ಪನೆ: ವೇಗವಿದ್ದರೆ ಅಳಿವೆಯಲ್ಲಿ ತೆರೆಯಿಂದ ತಪ್ಪಿಸಿಕೊಳ್ಳಬಹುದು

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಮಳೆಗಾಲದಲ್ಲಿ ನಾಡದೋಣಿ ಮಗುಚಿದ ಸುದ್ದಿ ನಮ್ಮೂರ ಕಡೆ ಮತ್ತೆ ಮತ್ತೆ ಬರುತ್ತದೆ, ಅದಕ್ಕಾಗಿ ಇದನ್ನು ಬಿಡಿಸಿ ಹೇಳಬೇಕು. ಆಳವಿಲ್ಲದ ನೀರಿನಲ್ಲಿ ತೆರೆಯ ವೇಗವನ್ನು ನೀರಿನ ಆಳ ನಿರ್ಧರಿಸುತ್ತದೆ. ಮೂರು ಮೀಟರ್ ಆಳವಿದ್ದಲ್ಲಿ ತೆರೆ ಗಂಟೆಗೆ ಸುಮಾರು 19.5 ಕಿ.ಮೀ. ಓಡುತ್ತದೆ, ಎರಡು ಮೀಟರ್ ಇದ್ದಲ್ಲಿ ಸುಮಾರು 16. ತುಂಬಿದ ದೋಣಿಯದ್ದು 13. ಓಟದ ಪಂದ್ಯದಲ್ಲಿ ತೆರೆಯೇ ಗೆಲ್ಲುತ್ತದೆ. ಹಿಂದಿನಿಂದ ಬಂದ ತೆರೆ ಹಿಂಬದಿಯನ್ನು ಎತ್ತುತ್ತದೆ. ಫ್ಯಾನ್ ನೀರು ಬಿಟ್ಟು ಮೇಲೆ ಬಂದು ಕಿರುಚುತ್ತದೆ. ತಳ್ಳುವ ಬಲವಿಲ್ಲದೆ ಹ್ಯಾಂಡಲ್ ತಿರುಗಿಸಿದರೂ ದೋಣಿ ಮಾತು ಕೇಳುವುದಿಲ್ಲ. ಮೂತಿ ತಗ್ಗಿಗೆ ಊರುತ್ತದೆ, ಹಿಂಬದಿ ಪಕ್ಕಕ್ಕೆ ಹೊರಳುತ್ತದೆ, ಮುಂದಿನ ತೆರೆ ಅಡ್ಡಕ್ಕೆ ಬಡಿಯುತ್ತದೆ. ಎಂಜಿನ್ ಎತ್ತರಿಸಿ ಕೂರಿಸಿದ್ದರೆ ಇದೆಲ್ಲ ಇನ್ನೂ ಬೇಗ ಆಗುತ್ತದೆ.

ಅನುಭವಿಗಳು ಅಳಿವೆಯ ಹೊರಗೆ ದೋಣಿ ನಿಲ್ಲಿಸಿ ತೆರೆ ನೋಡುತ್ತಾರೆ. ದೊಡ್ಡ ತೆರೆಗಳ ಸಾಲು ಮುಗಿಯಲಿ ಎಂದು ಕಾದು, ಕೊನೆಯ ತೆರೆಯ ಬೆನ್ನ ಹಿಂದೆ ದೋಣಿ ಬಿಟ್ಟು, ಅದನ್ನು ಹಿಂದಿಕ್ಕದೆ ಒಳಗೆ ಬರುತ್ತಾರೆ. ಇಳಿತದ ನೀರು ತೆರೆಗೆ ಎದುರಾಗಿ ಹರಿಯುವಾಗ ತೆರೆ ಕಡಿದಾಗುವುದರಿಂದ ಭರತ ಬರುವವರೆಗೆ ಕಾಯುವವರೂ ಇದ್ದಾರೆ. ಅಲ್ಲಿ ಬೇಕಾದದ್ದು ಗರಿಷ್ಠ ವೇಗವಲ್ಲ. ಆಕ್ಸಿಲರೇಟರ್ ಕೊಟ್ಟ ಕೂಡಲೇ ನೀರು ಕಚ್ಚಿ ಹಿಡಿಯುವ ಫ್ಯಾನ್ ಬೇಕು. ಪಿಚ್ ಕಡಿಮೆ, ವ್ಯಾಸ ಹೆಚ್ಚಿರುವ ಫ್ಯಾನ್ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಹೊಸ ಎಂಜಿನ್‌ಗೆ ಸಾಲದ ಅರ್ಜಿ ಬರೆಯುವ ಮೊದಲು ಒಂದು ದಿನ ದೋಣಿಯನ್ನು ದಡಕ್ಕೆಳೆದು ತಳ ಕೆರೆಯಿರಿ, ನೀರು ಚೆಲ್ಲಿ, ಫ್ಯಾನ್ ಬಿಚ್ಚಿ ನೋಡಿ, ಸುತ್ತು ಅಳೆಯಿರಿ. ಎಂಜಿನ್ ಹಿಡಿದವರು ಕೆಂಪು ಸುರುಳಿ ದಾರವನ್ನು ಕೈಗೆ ಕಟ್ಟಿಕೊಳ್ಳಲಿ. ಅವರು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವುದು ಅದೊಂದೇ. ಲೈಫ್ ಜಾಕೆಟ್ ದೋಣಿಯ ಮೂಲೆಯಲ್ಲಿದ್ದರೆ ಸಾಲದು, ಅಳಿವೆ ದಾಟುವಾಗ ಎಲ್ಲರ ಮೈಮೇಲಿರಲಿ.